ಒದ್ದೆಯಾಗುವವರ ಊರು

ಮಳೆಗಾಲದಲ್ಲಿ ಯಾರಾದರೂ ಪ್ರವಾಸ ಹೋಗುತ್ತಾರೆಯೇ ಎಂದು ನನ್ನ ಗಂಡ ಮುಕುಂದ ಎಷ್ಟು ಗೊಣಗಿದರೂ ನಾನು ಜಗ್ಗಲಿಲ್ಲ. ಹೋಗುವುದಾದರೆ ಆ ಊರಿಗೇ, ಅದೂ ಮಳೆ ಹಿಡಿದು ಸುರಿಯುವಾಗಲೇ ಎಂದು ಹಟ ಹಿಡಿದೆ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ಹಿಂದಿನ ವರ್ಷ ಅಲ್ಲಿಗೆ ಹೋಗಿಬಂದು, 'ರೀ, ವಾರವಿಡೀ ಜಡಿಮಳೆ, ಒಂದೇ ಒಂದು ಹನಿ ಮೈಮೇಲೆ ಬೀಳಲಿಲ್ಲ, ನಂಬಿದ್ರೆ ನಂಬಿ ಬಿಟ್ರೆ ಬಿಡಿ' ಎಂದಿದ್ದಳು. ಅಂದಿನಿಂದ ನನಗೆ ತಲೆಯೊಳಗೆ ಹುಳ ಬಿಟ್ಟಹಾಗಾಗಿತ್ತು. ಒಂದು ವಿಷಯವನ್ನು ಕಣ್ಣಾರೆ ಕಾಣದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಇಡ್ಲಿ ಹೇಗೆ ಉಬ್ಬುತ್ತದೆಂದು ನೋಡಲು ಪಾತ್ರೆಯ ಮುಚ್ಚಳ ಎತ್ತಿ ಎತ್ತಿ, ಇಡೀ ಮನೆಗೆ ಕಲ್ಲಿನಂಥ ಇಡ್ಲಿ ತಿನ್ನಿಸಿದ ಹುಡುಗಿ ನಾನು. ಅವತ್ತು ಬೈಯದೆ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ತಾನೂ ಬಗ್ಗಿ ಬಗ್ಗಿ ನೋಡಿದವಳು ಗಿರಿಜತ್ತೆ.

ಗಿರಿಜತ್ತೆ ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ. ನಮ್ಮಮ್ಮ ತೀರಿಕೊಂಡಾಗ ನನ್ನನ್ನು ಸಾಕಲು ಅಣ್ಣನ ಮನೆಗೆ ಬಂದಳು, ನನ್ನ ಮಗಳು ಇಂಚರ ಹುಟ್ಟಿದಾಗ ಅವಳನ್ನು ಸಾಕಲು ನಮ್ಮ ಮನೆಗೆ ಬಂದಳು. ಬೆಳಿಗ್ಗೆ ಕಾಫಿಯಿಂದ ಹಿಡಿದು ರಾತ್ರಿ ಬಾಗಿಲ ಚಿಲಕದವರೆಗೆ ನಮ್ಮ ಸಂಸಾರ ನಡೆಯುವುದು ಅವಳ ಕೈಯಲ್ಲೇ. ನಮ್ಮದು ನೀರಿಲ್ಲದ ಊರು. ಟ್ಯಾಂಕರ್ ಬಂದರೆ ಅತ್ತೆಗೆ ಹಬ್ಬ. ಅಕ್ಕಿ ತೊಳೆದ ನೀರು ಗಿಡಕ್ಕೆ, ಸೊಪ್ಪು ತೊಳೆದ ನೀರು ನೆಲ ಒರೆಸುವುದಕ್ಕೆ, ಒಂದು ಲೋಟ ನೀರನ್ನೂ ಸುಮ್ಮನೆ ಹೋಗಗೊಟ್ಟವಳಲ್ಲ. ಪ್ರವಾಸ ಎಂದಕೂಡಲೇ ಅವಳು ಮಾಡಿದ ಮೊದಲ ಕೆಲಸ ಒಂದು ಡಬ್ಬ ಹುರಿಟ್ಟು ತುಂಬಿದ್ದು, ಎರಡನೆಯದು ಅಟ್ಟದಿಂದ ಹಳೆಯ ಕಪ್ಪು ಕೊಡೆಯನ್ನು ಇಳಿಸಿ ಧೂಳು ಕೊಡವಿದ್ದು.

"ಅತ್ತೆ, ಅಲ್ಲಿ ಕೊಡೆ ಬೇಡವಂತೆ," ಅಂದೆ.

"ಮಳೆ ಊರಿಗೆ ಕೊಡೆ ಇಲ್ದೆ ಹೋಗ್ತಾರಾ ಯಾರಾದ್ರೂ? ನಿಂಗೇನು ಹುಚ್ಚೇನೇ ಸುಮಿತ್ರಾ?" ಅಂದಳು.

ಬಸ್ಸು ನಮ್ಮನ್ನು ಇಳಿಸಿದ್ದು ಹೊಳೆಯ ಈಚೆ ದಡದಲ್ಲಿ. ಊರು ಆಚೆ ದಡದಲ್ಲಿ, ಮಳೆಯ ಹಿಂದೆ ಮಸುಕು ಮಸುಕಾಗಿ ಕಾಣುತ್ತಿತ್ತು. ನಾವು ಉಳಿಯಬೇಕಾದ ಮನೆಯ ಒಡತಿ ಕ್ಲಾರಾಬಾಯಿ ತನ್ನ ದೋಣಿ ತಂದು ಕಾಯುತ್ತಿದ್ದಳು. ಗಟ್ಟಿಮುಟ್ಟಾದ ಹೆಂಗಸು. ಕುಪ್ಪಸ ಮೈಗೆ ಅಂಟಿತ್ತು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಇಳೀರಿ, ಇಳೀರಿ, ಹೆದರ್ಬೇಡಿ ಮಾರಾಯ್ರೆ, ನಿಮಗೆ ಎಂತದೂ ಆಗುದಿಲ್ಲ," ಎಂದು ಕೂಗಿದಳು. ಮುಕುಂದ ಬ್ಯಾಗನ್ನು ತಲೆಯ ಮೇಲಿಟ್ಟುಕೊಂಡು ಇಳಿದರು. ಅತ್ತೆ ಕೊಡೆ ಬಿಚ್ಚಿದಳು. ನಾನು ಕಣ್ಣು ಮುಚ್ಚಿ ಹೆಜ್ಜೆ ಹಾಕಿದೆ. ಸದ್ದು ಕಿವಿ ತುಂಬ ಇತ್ತು, ತಂಪು ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಮೈಮೇಲೆ ಮಾತ್ರ ಏನೂ ಇಲ್ಲ. ಕಣ್ಣು ಬಿಟ್ಟು ಕೈ ಚಾಚಿದೆ. ಹನಿಗಳು ಕೈಯ ಹತ್ತಿರ ಬಂದು ಪಕ್ಕಕ್ಕೆ ಸರಿದು ಹೋಗುತ್ತಿದ್ದವು. ಅಯ್ಯಯ್ಯೋ, ಎಂಥಾ ಸೋಜಿಗ ಅಂತೀರಿ!

ಇಂಚರ ಒಂದು ಚಪ್ಪಲಿ ಬಿಚ್ಚಿ ಎದುರಿಗಿಟ್ಟಳು. ಅದು ಕ್ಷಣದಲ್ಲಿ ತೊಯ್ದಿತು. ಕಾಲಲ್ಲಿದ್ದದ್ದು ಒಣಗಿಯೇ ಇತ್ತು. "ಅಮ್ಮಾ, ಬಿಟ್ಟದ್ದು ಒದ್ದೆ ಆಗತ್ತೆ!" ಎಂದು ಕುಣಿದಳು. ಅತ್ತೆ ಕೊಡೆಯನ್ನು ಸ್ವಲ್ಪ ಓರೆ ಮಾಡಿ, ಅನುಮಾನದಿಂದ ಮಳೆಯನ್ನು ನೋಡಿ, ಕೊನೆಗೆ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ಯಾಕೆ ಹೀಗೆ?" ಎಂದು ದೋಣಿ ಹತ್ತಿ ಕೂತ ಮೇಲೆ ಕ್ಲಾರಾಬಾಯಿಯನ್ನು ಕೇಳಿದೆ.

"ಯಾಕೆ ಅಂದ್ರೆ? ಹೋಗುವವರ ಮೇಲೆ ಇಲ್ಲಿಯ ಮಳೆ ಬೀಳುದಿಲ್ಲ. ಇರುವವರ ಮೇಲೆ ಬೀಳ್ತದೆ. ಅಷ್ಟೇ." ಇಷ್ಟು ಹೇಳಿ ಅವಳು ತೆಂಗಿನ ಗೆರಟೆಯಿಂದ ದೋಣಿಯೊಳಗಿನ ನೀರನ್ನು ಗೋರಿ ಹೊರಗೆ ಚೆಲ್ಲತೊಡಗಿದಳು. ಅತ್ತೆಯ ಕೈ ತಡೆಯಲು ಮುಂದೆ ಹೋದದ್ದನ್ನು ನಾನು ಕಂಡೆ. ಒಳ್ಳೆಯ ನೀರನ್ನು ಚೆಲ್ಲುವುದು ಅವಳಿಂದ ನೋಡಲಾಗಲಿಲ್ಲ. ಆಮೇಲೆ ಸುತ್ತ ಒಮ್ಮೆ ಕಣ್ಣಾಡಿಸಿದಳು. ಮೇಲೆ ನೀರು, ಕೆಳಗೆ ನೀರು, ನಾಲ್ಕೂ ಕಡೆ ನೀರು. "ಇಷ್ಟನ್ನೂ ಯಾರೂ ಹಿಡಿದಿಡಲ್ವಾ?" ಎಂದು ಕೇಳಿದಳು. ಕ್ಲಾರಾಬಾಯಿ ಗೆರಟೆಯನ್ನು ಕೈಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಯೂ ನಕ್ಕಳು. ನಕ್ಕು ಮುಗಿದ ಮೇಲೆ, "ಈ ದೋಣಿ ತಿರುಗೋದು ಹೆಂಗೆ?" ಎಂದು ಮುಂದಿನ ಪ್ರಶ್ನೆ ಹಾಕಿದಳು. ನನ್ನ ಕುತೂಹಲ ನನಗೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಆ ಊರಿನ ಜನ ತಮ್ಮ ಮಳೆಯನ್ನು ದೊಡ್ಡ ವಿಷಯ ಮಾಡುತ್ತಿರಲಿಲ್ಲ. ನಾವು ಬಿಸಿಲನ್ನು ನೋಡಿ ಹಪ್ಪಳ ಒಣಗಿಸುವಂತೆ ಅವರು ಮಳೆಯನ್ನು ನೋಡಿ ತಮ್ಮ ಕೆಲಸ ನಡೆಸುತ್ತಿದ್ದರು. ಶಾಲೆಗೆ ಹೊಸ ಮೇಷ್ಟ್ರು ಬಂದರೆ ಮಕ್ಕಳ ತಾಯಂದಿರು ಮೊದಲ ಮಳೆಗೆ ಗೇಟಿನ ಬಳಿ ನಿಂತು ಅವರ ಅಂಗಿಯನ್ನು ನೋಡುತ್ತಿದ್ದರು. ಅಂಗಿ ಗರಿಗರಿಯಾಗಿದ್ದರೆ, ಪಾಪ, ಇವರೂ ವರ್ಗ ಮಾಡಿಸಿಕೊಂಡು ಹೋಗುವವರೇ ಎಂದು ಗೊತ್ತಾಗುತ್ತಿತ್ತು. ಆದರೂ ಮನೆಯ ಬಾಳೆಗೊನೆಯಲ್ಲಿ ಒಂದು ಚಿಪ್ಪು ಅವರಿಗೂ ಹೋಗುತ್ತಿತ್ತು. ಮದುವೆಗಳು ಜಡಿಮಳೆಯಲ್ಲಿ, ಬಯಲಲ್ಲೇ ನಡೆಯುತ್ತಿದ್ದವು. ಹೊಸ ಹೆಣ್ಣು ಚೆನ್ನಾಗಿ ನೆನೆದರೆ ಅತ್ತೆಯಾದವಳಿಗೆ ಸಮಾಧಾನ. ಕ್ಲಾರಾಬಾಯಿಯ ಗಂಡ ಹುಟ್ಟಿದಂದಿನಿಂದ ಅಲ್ಲೇ ನೆನೆದವನು. ಒಂದು ಆಷಾಢದಲ್ಲಿ ಪೇಟೆಯಿಂದ ಒಣ ಅಂಗಿಯಲ್ಲಿ ಮನೆಗೆ ಬಂದ. "ನಾನು ನೋಡಿದೆ, ಅವರೂ ನೋಡಿದರು. ಎಂತ ಹೇಳುದು? ಅವರಿಗೆ ಇಷ್ಟವಾದ ಮೀನು ಸಾರು ಮಾಡಿದೆ. ಮಳೆಗಾಲ ಮುಗಿಯುವುದರೊಳಗೆ ಊರು ಬಿಟ್ಟು ಹೋದರು," ಎಂದು ಅವಳು ಅಕ್ಕಿ ಆರಿಸುತ್ತಾ ಹೇಳಿದಳು.

ಇನ್ನೊಂದು ರೂಢಿಯನ್ನೂ ಅವಳೇ ಹೇಳಿಕೊಟ್ಟಳು. ಯಾರು ಒದ್ದೆಯಾದರು, ಯಾರು ಆಗಲಿಲ್ಲ ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೊರಗಿನಿಂದ ಬಂದವರು ಯಾರಾದರೂ ನೆನೆಯತೊಡಗಿದರೆ ಒಂದು ಟವೆಲ್ ತಂದು ಸುಮ್ಮನೆ ಕೈಗಿಡಬೇಕು. ಉಳಿದದ್ದು ಅವರಿಗೆ ಬಿಟ್ಟದ್ದು.

ಮುಕುಂದ ಜಗಲಿಯ ಆರಾಮಕುರ್ಚಿ ಹಿಡಿದರೆ ಊಟಕ್ಕೆ ಮಾತ್ರ ಏಳುತ್ತಿದ್ದರು. ಇಂಚರ ಮಳೆಯಲ್ಲಿ ಕೂತು ಪುಸ್ತಕ ಓದುತ್ತಿದ್ದಳು, ಹಾಳೆ ತಿರುವಿದರೂ ಒಂದು ಹನಿ ಬೀಳುತ್ತಿರಲಿಲ್ಲ. ನಾನು ಊರೆಲ್ಲ ಸುತ್ತಿ ಕಂಡಕಂಡವರನ್ನು ಪ್ರಶ್ನೆ ಕೇಳಿ ತಲೆ ತಿನ್ನುತ್ತಿದ್ದೆ. ಅತ್ತೆ ಮೊದಲ ದಿನ ಅಭ್ಯಾಸಬಲದಿಂದ ಕ್ಲಾರಾಬಾಯಿಯ ಅಡುಗೆಮನೆಗೆ ನುಗ್ಗಿದ್ದಳು. "ಇಲ್ಲಿ ನಿಮಗೆ ಎಂತ ಕೆಲಸ ಗಿರಿಜಕ್ಕಾ? ಹೊರಗೆ ಹೋಗಿ," ಎಂದು ಅವಳು ಹೊರಗೆ ಕಳಿಸಿದಳು. ಕೈಗೆ ಕೆಲಸವಿಲ್ಲದ ಅತ್ತೆಯನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಅವಳು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಹೊಳೆಯ ಕಡೆ ನಡೆದಳು.

ಅವತ್ತಿನಿಂದ ಅವಳು ದೋಣಿ ಬಿಟ್ಟು ಇಳಿಯಲೊಲ್ಲಳು. ತರಕಾರಿ ತರಲು ಹೋಗುವಾಗ, ಬಸ್ಸಿಗೆ ಜನರನ್ನು ಬಿಡಲು ಹೋಗುವಾಗ, ಕ್ಲಾರಾಬಾಯಿಯ ಎದುರಿನ ಹಲಗೆಯ ಮೇಲೆ ಅತ್ತೆ ಇರಲೇಬೇಕು. ನೋಡನೋಡುತ್ತಿದ್ದಂತೆ ಹುಟ್ಟು ಅವಳ ಕೈಗೆ ಬಂತು. ದೋಣಿ ಮೊದಮೊದಲು ಇದ್ದಲ್ಲೇ ಸುತ್ತಿತು, ಆಮೇಲೆ ದಡದ ಕೇದಗೆ ಪೊದೆಗೆ ನುಗ್ಗಿತು. ಸಂಜೆ ನೋಡಿದರೆ ಮುಖದ ಮೇಲೆ ಮುಳ್ಳು ಗೀರಿದ ಗುರುತು, ಬಾಯಿ ತುಂಬ ನಗು. "ಸುಮಿ, ನೀರನ್ನ ದೂಡಬಾರದು ಕಣೆ. ಅದನ್ನ ಹಿಡಿದು ಎಳ್ಕೋಬೇಕು. ಅವಾಗ ಅದೇ ನಮ್ಮನ್ನ ಕರ್ಕೊಂಡು ಹೋಗತ್ತೆ," ಎಂದು ಗಾಳಿಯಲ್ಲಿ ಕೈ ಆಡಿಸಿ ತೋರಿಸಿದಳು. ನನಗೂ ಖುಷಿಯಾಯಿತು. ಎಂದೂ ತನಗೆಂದು ಏನನ್ನೂ ಕೇಳದವಳು, ನಾಲ್ಕು ದಿನ ಆಡಿಕೊಳ್ಳಲಿ ಅಂದುಕೊಂಡೆ.

ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದೆವು. ಕೆಸುವಿನೆಲೆಯ ಪತ್ರೊಡೆ ಹಬೆಯಾಡುತ್ತಿತ್ತು. ಅತ್ತೆ ಹೊಳೆಯಿಂದ ಬಂದು ಬಾಗಿಲಲ್ಲಿ ನಿಂತಳು. ಇಂಚರ ತಲೆ ಎತ್ತಿದವಳೇ, "ಅಜ್ಜಿ ಒದ್ದೆ! ಅಮ್ಮಾ, ಅಜ್ಜಿ ಒದ್ದೆಯಾಗಿದಾರೆ!" ಎಂದು ಕೂಗಿಬಿಟ್ಟಳು.

ಸೀರೆಯ ಅಂಚು ಕಾಲಿಗೆ ಅಂಟಿತ್ತು. ಎಡಭುಜದ ಮೇಲೆ ಅಂಗೈಯಗಲದ ಒದ್ದೆ ಕಲೆ ಇತ್ತು. ಕ್ಲಾರಾಬಾಯಿ ಬಡಿಸುವ ಸೌಟನ್ನು ಕೆಳಗಿಟ್ಟು ಒಳಗೆ ಹೋಗಿ, ಮಡಚಿದ ಟವೆಲ್ಲೊಂದನ್ನು ತಂದು ಅತ್ತೆಯ ಕೈಗಿಟ್ಟಳು.

"ದೋಣಿ ನೀರು ಸಿಡಿದಿರತ್ತೆ," ಅಂದೆ.

"ಹೌದು ಹೌದು, ದೋಣಿ ನೀರು," ಎಂದು ಅತ್ತೆಯೂ ಗಡಿಬಿಡಿಯಿಂದ ಒಪ್ಪಿಕೊಂಡಳು. ಟವೆಲ್ಲನ್ನು ಮಾತ್ರ ಕೈಬಿಡಲಿಲ್ಲ.

ಮರುದಿನ ಅವಳ ತಲೆ ಒದ್ದೆಯಾಯಿತು. ನಾನು ಸೂರು ಸೋರುತ್ತದೆ ಅಂದೆ, ಮರದಿಂದ ಹನಿ ಬಿತ್ತು ಅಂದೆ, ಅವಳ ಸೀರೆಯನ್ನು ಒಲೆಯ ಮೇಲಿನ ಹಗ್ಗದಲ್ಲಿ ಕದ್ದುಮುಚ್ಚಿ ಒಣಗಿಸಿದೆ. ಮುಕುಂದರಿಗೆ ವಿಷಯ ತಿಳಿದದ್ದೇ ಆರಾಮಕುರ್ಚಿಯಿಂದ ಎದ್ದು ಕೂತರು. "ಅಲ್ಲ ಕಣೆ, ಅತ್ತೆ ಇಲ್ಲೇ ಉಳಿದ್ರೆ ನಮ್ಮ ಮನೆ ಗತಿಯೇನು? ಬೆಳಿಗ್ಗೆ ಕಾಫಿ?" ಅಂದರು. ಕೋಪ ನೆತ್ತಿಗೇರಿತು. "ನಿಮಗೆ ಬರೀ ಕಾಫಿ ಚಿಂತೆ!" ಎಂದು ರೇಗಿದೆ. ನಾನು ಯೋಚಿಸುತ್ತಿದ್ದುದು ಕಾಫಿಗಿಂತ ಬಹಳ ಬೇರೆಯೇನಾಗಿರಲಿಲ್ಲ. ಆಫೀಸಿನಿಂದ ಬಂದು ಬಾಗಿಲು ತೆಗೆದರೆ ಒಳಗೆ ಅತ್ತೆ ಇಲ್ಲದ ಮನೆ ಹೇಗಿರುತ್ತದೆ? ನನಗೆ ನೆನಪಿರುವ ತಾಯಿ ಅವಳೊಬ್ಬಳೇ. ಅವಳನ್ನು ಯಾವುದೋ ಹೊಳೆಯ ದಡದಲ್ಲಿ ಬಿಟ್ಟು ನಾನು ಹೋಗಬೇಕೇ? ಆಗದ ಮಾತು ಅಂದುಕೊಂಡೆ.

ಕ್ಲಾರಾಬಾಯಿ ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದಾಗ ಹೋಗಿ ನಿಂತೆ. "ನೆನೆದವರನ್ನ ವಾಪಸ್ಸು ಕರ್ಕೊಂಡು ಹೋಗಬಹುದಾ?"

"ಓಹೋ, ಧಾರಾಳ. ಇಲ್ಲಿ ಯಾರು ತಡೀತಾರೆ? ಹಿಂದೊಮ್ಮೆ ಒಬ್ಬರನ್ನ ಮಗ ಕರ್ಕೊಂಡು ಹೋಗಿದ್ದ." ಅವಳು ಚೂರಿ ತೊಳೆದಳು. "ಮುಂದಿನ ವರ್ಷ ಅವನೇ ಬಂದು ಹೇಳಿದ್ದು. ಅವರ ಊರಿನ ಬಿರುಬಿಸಿಲಲ್ಲೂ ತಾಯಿಯ ಸೆರಗಿನ ತುದಿ ಒಣಗುದಿಲ್ಲವಂತೆ. ಕಾಯಿಲೆ ಎಂತ ಇಲ್ಲ. ಕೆಲಸ ಮಾಡ್ತಾರೆ, ಉಣ್ತಾರೆ. ಸೆರಗು ಮಾತ್ರ ಒದ್ದೆ."

"ಇಲ್ಲೇ ಉಳಿದ್ರೆ?"

"ಉಳಿದ್ರೆ ಒಂದು ಕೊಡೆ ಬೇಕು. ಹೊರಗಿನ ಕೊಡೆ ಇಲ್ಲಿ ತಡೆಯುದಿಲ್ಲ. ಇಲ್ಲಿಯ ಮೊದಲ ಕೊಡೆಯನ್ನ ತಾನೇ ಕೊಂಡುಕೊಳ್ಳುವ ಹಾಗೂ ಇಲ್ಲ. ಬಿಟ್ಟು ಹೋಗುವವರೇ ಕೊಡಿಸಬೇಕು. ಇಲ್ಲದಿದ್ದರೆ ಹೋದವರ ಮೇಲೇ ಮನಸ್ಸಿಟ್ಟುಕೊಂಡು ಮಳೆಯಲ್ಲಿ ನಿಂತಿರ್ತಾರೆ ನೋಡಿ, ಕಾಯಿಲೆ ಬೀಳ್ತಾರೆ." ನನ್ನ ಮುಖ ನೋಡಿ ಅವಳ ಧ್ವನಿ ಮೆತ್ತಗಾಯಿತು. "ಗಿರಿಜಕ್ಕನಿಗೆ ಇಲ್ಲಿ ದೋಣಿ ಉಂಟು, ಕೋಣೆ ಉಂಟು, ನನಗೂ ಜತೆ ಆಯ್ತು. ಮತ್ತೆ ನಿಮ್ಮಿಷ್ಟ."

ನಾನು ಸುಮ್ಮನೆ ಬಿಡುವವಳೇ? ಸಂಜೆ ಅತ್ತೆಯನ್ನು ಹೊಳೆಯ ದಾರಿಯಲ್ಲಿ ಹಿಡಿದೆ. ಮಳೆ ಜೋರಾಗಿತ್ತು. ಅವಳು ಹಳೆಯ ಕಪ್ಪು ಕೊಡೆಯನ್ನು ಬಿಚ್ಚಿಕೊಂಡೇ ಬರುತ್ತಿದ್ದಳು. ಕೊಡೆಗೆ ತೂತಿಲ್ಲ, ಹರಕಿಲ್ಲ, ಆದರೂ ಮಳೆ ಅದರೊಳಗಿಂದ ಧಾರಾಳವಾಗಿ ಇಳಿಯುತ್ತಿತ್ತು. "ಇಲ್ಲಿ ಬಾ," ಎಂದು ಅವಳನ್ನು ಹತ್ತಿರ ಎಳೆದುಕೊಂಡು ನನ್ನ ಸೆರಗನ್ನು ಇಬ್ಬರ ತಲೆಯ ಮೇಲೂ ಹೊದಿಸಿದೆ. ನನ್ನ ಸೆರಗು ಒದ್ದೆಯಾಗುವುದಿಲ್ಲವಲ್ಲ, ಅದರಡಿ ಇದ್ದವರೂ ಒದ್ದೆಯಾಗಬಾರದು ಎಂಬುದು ನನ್ನ ಲೆಕ್ಕಾಚಾರ. ಮನೆಯವರೆಗೆ ಅವಳನ್ನು ಅವುಚಿಕೊಂಡೇ ನಡೆದೆ. ಜಗಲಿ ಹತ್ತಿ ಸೆರಗು ತೆಗೆದರೆ ಅದು ಇಸ್ತ್ರಿ ಮಾಡಿದ ಹಾಗೆ ಒಣಗಿತ್ತು. ಅದರ ಕೆಳಗೆ ಅತ್ತೆ ತೊಯ್ದು ತೊಪ್ಪೆಯಾಗಿದ್ದಳು.

ನನಗೆ ಅಳು ಬಂತು. ಅತ್ತೆ ತನ್ನ ಒದ್ದೆ ಕೈಯನ್ನು ನನ್ನ ಕೆನ್ನೆಯ ಹತ್ತಿರ ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

"ಅಳಬೇಡ ಕಣೆ. ನಾನೆಲ್ಲಿ ಹೋಗ್ತೀನಿ? ಬರ್ತೀನಿ ನಿಮ್ಜೊತೆ."

"ನಿಂಗೆ ಇಲ್ಲಿರಬೇಕು ಅಂತ ಆಸೆನಾ ಅತ್ತೆ? ನಿಜ ಹೇಳು."

ಅವಳು ಸೆರಗಿನ ತುದಿಯನ್ನು ಹಿಂಡಿದಳು. "ಯಾರೂ ನನ್ನ ಇಂಥದ್ದೆಲ್ಲ ಕೇಳಿರ್ಲಿಲ್ಲ ನೋಡು, ಅದಕ್ಕೇ ಹೇಗೆ ಹೇಳಬೇಕು ಅಂತ ಗೊತ್ತಾಗ್ತಿಲ್ಲ," ಎಂದಳು. "ದೋಣಿ ನಡುನೀರಿಗೆ ಬಂದಾಗ ನಾನು ಯಾರಿಗೇನು ಮಾಡಬೇಕಿತ್ತು ಅನ್ನೋದು ಮರ್ತೇ ಹೋಗತ್ತೆ ಸುಮಿ. ಆಮೇಲೆ ದಡ ಮುಟ್ಟಿದ ತಕ್ಷಣ ನೆನಪಾಗತ್ತೆ, ಇಂಚರನ ಯೂನಿಫಾರ್ಮು, ನಿನ್ನ ಡಬ್ಬಿ ಎಲ್ಲಾ. ಇರ್ಲಿ ಬಿಡು. ನಮ್ಮೂರ ಬಿಸಿಲಿಗೆ ಇದೆಲ್ಲ ಒಣಗತ್ತೆ."

ಹೊರಡುವ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಬ್ಯಾಗುಗಳೆಲ್ಲ ತಯಾರಾಗಿ ಜಗಲಿಯಲ್ಲಿ ಸಾಲಾಗಿ ಕೂತಿದ್ದವು. ಅತ್ತೆ ಎಲ್ಲವನ್ನೂ ಕಟ್ಟಿ ಮುಗಿಸಿದ್ದಳು. ಒಂದೊಂದು ಬ್ಯಾಗಿಗೂ ದಪ್ಪ ಪ್ಲಾಸ್ಟಿಕ್ ಸುತ್ತಿ ದಾರದಿಂದ ಬಿಗಿದಿತ್ತು.

"ಇದೆಲ್ಲ ಯಾಕತ್ತೆ? ನಮ್ಮ ಸಾಮಾನು ಕೈಯಲ್ಲಿದ್ರೆ ಒದ್ದೆ ಆಗಲ್ವಲ್ಲ."

"ಮಳೆಗಲ್ಲ ಕಣೆ. ಬಸ್ಸಲ್ಲಿ ನಾನು ಪಕ್ಕದಲ್ಲಿ ಕೂತಿರ್ತೀನಲ್ಲ. ನನ್ನ ಒದ್ದೆ ನಿಮ್ಮ ಬಟ್ಟೆಗೆ ತಾಗಬಾರದು ಅಂತ." ಸಹಜವಾಗಿ ಹೇಳಿ, ಕೊನೆಯ ಗಂಟನ್ನು ಹಲ್ಲಿನಿಂದ ಬಿಗಿ ಮಾಡಿದಳು.

ನಾನು ಅಲ್ಲಿ ನಿಲ್ಲಲಾರದೆ ಚಪ್ಪಲಿ ಮೆಟ್ಟಿಕೊಂಡು ಪೇಟೆಯ ಕಡೆ ಹೊರಟುಬಿಟ್ಟೆ. ಆ ಊರಿನ ಕೊಡೆ ಅಂಗಡಿ ಒಂದೇ. ಅಂಗಡಿಯ ಮುದುಕನನ್ನು ಎಲ್ಲರೂ ಉಸ್ಮಾನಾಕ ಅನ್ನುತ್ತಿದ್ದರು. ಹಿಂದೆ ಹೋದಾಗಲೆಲ್ಲ ಪ್ರಶ್ನೆ ಕೇಳಿ ಅವನ ಜೀವ ಹಿಂಡಿದ್ದೆ. ಇವತ್ತು ಕೇಳುವ ಸರದಿ ಅವನದಾಯಿತು. ನನ್ನ ಒಣ ತಲೆಯನ್ನು ನೋಡಿ, "ಯಾರಿಗೆ?" ಎಂದ.

"ನಮ್ಮತ್ತೆಗೆ."

ಅವನು ಕನ್ನಡಕ ಸರಿಮಾಡಿಕೊಂಡ. "ಯಾವ ಕೈಯಲ್ಲಿ ಹಿಡೀತಾರೆ? ಹಿಡಿಯನ್ನ ಕೈಗೆ ಸರಿಯಾಗಿ ಹೊರಳಿಸಿ ಕೂರಿಸಬೇಕು."

"ಎಡಗೈ," ಎಂದೆ, ಯೋಚಿಸುವ ಅಗತ್ಯವೇ ಇಲ್ಲದೆ.

"ಎಡಚರಾ?"

ಅಲ್ಲ. ಅತ್ತೆ ಎಡಚಳಲ್ಲ. ನನ್ನನ್ನು ಶಾಲೆಗೆ ಕರೆದೊಯ್ಯುವಾಗ ಅವಳ ಬಲಗೈಯಲ್ಲಿ ನನ್ನ ಕೈ ಇರುತ್ತಿತ್ತು, ಹಾಗಾಗಿ ಕೊಡೆ ಎಡಗೈಗೆ ಹೋಗಿತ್ತು. ನಮ್ಮೂರಿನ ಬಡ ಮಳೆ ಬರುತ್ತಿದ್ದುದೇ ಅಪರೂಪ. ಬಂದಾಗಲೆಲ್ಲ ಆ ಕಪ್ಪು ಕೊಡೆ ನನ್ನ ಕಡೆಗೇ ವಾಲಿರುತ್ತಿತ್ತು. ಶಾಲೆಯ ಬಾಗಿಲಲ್ಲಿ ನಾನು ಒಣಗಿಯೇ ಒಳಗೆ ಹೋಗುತ್ತಿದ್ದೆ, ಅವಳು ಅರ್ಧ ಮೈ ಒದ್ದೆ ಮಾಡಿಕೊಂಡು ಹಿಂದಿರುಗುತ್ತಿದ್ದಳು. ಆಮೇಲೆ ಇಂಚರಳ ಜೊತೆಗೂ ಅದೇ. ಇಷ್ಟೆಲ್ಲ ಉಸ್ಮಾನಾಕನಿಗೆ ಹೇಳುವುದು ಹೇಗೆ? "ಅಭ್ಯಾಸ," ಅಂದೆ. ಅವನು ಹಿಡಿಯನ್ನು ಎಡಕ್ಕೆ ಹೊರಳಿಸಿ, ತಿರುಪು ಬಿಗಿದು ಕೊಟ್ಟ. ಹಸಿರು ಬಣ್ಣದ ಕೊಡೆ. ಕಪ್ಪು ಬೇಡವೆಂದು ನಾನೇ ಹೇಳಿದ್ದೆ.

ದೋಣಿಯ ಬಳಿ ಎಲ್ಲರೂ ನನಗಾಗಿ ಕಾಯುತ್ತಿದ್ದರು. ನಾನು ಕೊಡೆಯನ್ನು ಅತ್ತೆಯ ಕೈಗಿಟ್ಟೆ. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಇಷ್ಟೇ: "ಹುರಿಟ್ಟಿನ ಡಬ್ಬ ಇಲ್ಲೇ ಇಟ್ಕೋ ಅತ್ತೆ. ಅರ್ಧ ಹಾಗೇ ಇದೆ."

ಅತ್ತೆ ಕೊಡೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಇಂಚರನ ಯೂನಿಫಾರ್ಮು..." ಎಂದು ಶುರು ಮಾಡಿದಳು.

"ನಾನೇ ಒಗ್ಕೋತೀನಿ ಅಜ್ಜಿ," ಎಂದಳು ಇಂಚರ, ಕಣ್ಣೊರೆಸಿಕೊಳ್ಳುತ್ತಾ. "ಬೇಸಗೆ ರಜಕ್ಕೆ ಬರ್ತೀನಿ. ದೋಣಿ ಕಲಿಸಬೇಕು." ಮುಕುಂದ ಪಾಪ, ಸಣ್ಣ ಧ್ವನಿಯಲ್ಲಿ, "ಡಿಕಾಕ್ಷನ್‌ಗೆ ಎಷ್ಟು ಪುಡಿ ಹಾಕಬೇಕು ಅತ್ತೆ?" ಎಂದು ಕೇಳಿದರು. ಎಲ್ಲರಿಗೂ ನಗು ಬಂತು. ಅತ್ತೆ ಹೊಳೆ ದಾಟುವವರೆಗೂ ಅವರಿಗೆ ಕಾಫಿ ಪಾಠ ಹೇಳಿದಳು.

ಆಚೆ ದಡದಲ್ಲಿ ಬಸ್ಸಿಗೆ ಕಾಯುವಾಗ ಮಳೆ ಮತ್ತೆ ಬಿರುಸಾಯಿತು. ಅತ್ತೆ ಹಸಿರು ಕೊಡೆಯನ್ನು ಬಿಚ್ಚಿ ನನ್ನ ಪಕ್ಕದಲ್ಲಿ ನಿಂತು, ಬಲಗೈಯಲ್ಲಿ ನನ್ನ ಕೈ ಹಿಡಿದುಕೊಂಡಳು. ನೋಡಿದರೆ ಕೊಡೆ ಪೂರ್ತಿ ನನ್ನ ಮೇಲಿತ್ತು. ಅವಳ ಎಡಭುಜ ತೊಯ್ದು ನೀರು ಇಳಿಯುತ್ತಿತ್ತು.

"ನನ್ಮೇಲೆ ಮಳೆ ಬೀಳೋದಿಲ್ಲ ಅತ್ತೆ," ಎಂದು ಕೊಡೆಯನ್ನು ಅವಳ ಕಡೆ ತಳ್ಳಿದೆ.

"ಹೌದಲ್ವಾ? ಮರ್ತೇ ಹೋಯ್ತು ನೋಡು," ಎಂದಳು.

ಬಸ್ಸು ಬಂತು, ಹತ್ತಿದೆವು. ಕಿಟಕಿಯಿಂದ ನೋಡಿದೆ. ಅತ್ತೆ ದೋಣಿಯ ಕಡೆಗೆ ಇಳಿದು ಹೋಗುತ್ತಿದ್ದಳು. ಕೊಡೆ ಮತ್ತೆ ಬಲಕ್ಕೆ ವಾಲಿತ್ತು, ಅಲ್ಲಿ ಯಾರೂ ಇರಲಿಲ್ಲ. ನಾನು ತಲೆ ಹೊರಗೆ ಹಾಕಿ, ಗಂಟಲು ಹರಿಯುವಂತೆ, "ನೇರ ಹಿಡ್ಕೋ ಅತ್ತೆ!" ಎಂದು ಕೂಗಿದೆ.

ಅವಳು ನಿಂತು ತಿರುಗಿದಳು. ಕೊಡೆಯನ್ನು ಒಮ್ಮೆ ತಲೆ ಎತ್ತಿ ನೋಡಿದಳು. ಆಮೇಲೆ ನಿಧಾನವಾಗಿ ಅದನ್ನು ತನ್ನ ತಲೆಯ ಮೇಲಕ್ಕೆ ತಂದುಕೊಂಡಳು.